ಹೊರಹೋಗುವ ಕರೆಗಳ ನಂಬರ್ ರೂಪ ಬದಲಾಗುತ್ತಿದೆ: ನಿಮ್ಮ ಪಿಬಿಎಕ್ಸ್‌ನಲ್ಲಿ ಮಾಡಿಕೊಳ್ಳಬೇಕಾದ್ದು

ಮಾನ್ಯ ಗ್ರಾಹಕರೆ,

ಬರುವ ತಿಂಗಳ 1ರಿಂದ ನಿಮ್ಮ ಪಿಬಿಎಕ್ಸ್ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್) ನಮಗೆ ಕಳಿಸುವ ದೇಶದೊಳಗಿನ ಮೊಬೈಲ್, ಲ್ಯಾಂಡ್‌ಲೈನ್ ನಂಬರುಗಳೆಲ್ಲ +91ರಿಂದ ಶುರುವಾಗಬೇಕು. ಹಳೆಯ ರೂಪವನ್ನೂ ಅಲ್ಲಿಂದ 30 ದಿನ ಒಪ್ಪಿಕೊಳ್ಳುತ್ತೇವೆ. ಆಮೇಲೆ ಅಂಥ ಕರೆಯನ್ನು ನಮ್ಮ ಗೇಟ್‌ವೇ (ನಿಮ್ಮ ಕರೆಗಳನ್ನು ಮುಂದಕ್ಕೆ ದಾಟಿಸುವ ನಮ್ಮ ಯಂತ್ರ) 484, ಅಂದರೆ ನಂಬರ್ ಅಪೂರ್ಣ, ಎಂಬ ಕೋಡ್ ಕೊಟ್ಟು ತಿರಸ್ಕರಿಸುತ್ತದೆ. ಒಳಬರುವ ಕರೆಗಳಲ್ಲಿ ಏನೂ ಬದಲಾಗುವುದಿಲ್ಲ.

ಈ ಬದಲಾವಣೆಗೆ ಕಾರಣ ಇದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತುವುದು ಕಡ್ಡಾಯವಾಯಿತು. ಕೆಲವರ ಪಿಬಿಎಕ್ಸ್ ಸೊನ್ನೆ ಸೇರಿಸಿ ಕಳಿಸುತ್ತದೆ, ಕೆಲವರದು ಸೇರಿಸದೆ. ಸಾಗರದವರು ಊರೊಳಗಿನ ನಂಬರನ್ನು ಆರೇ ಅಂಕಿಯಲ್ಲಿ ಒತ್ತಿದರೆ ಬೆಂಗಳೂರಿನವರು ಎಂಟರಲ್ಲಿ ಒತ್ತುತ್ತಾರೆ. ಇಷ್ಟು ದಿನ ಇದನ್ನೆಲ್ಲ ನಮ್ಮ ಗೇಟ್‌ವೇ ಊಹಿಸಿ ತಿದ್ದುತ್ತಿತ್ತು. ಆದರೆ ಅದೇ ಆರಂಕಿ ಸಾಗರದಲ್ಲೂ ಇರಬಹುದು, ಶಿವಮೊಗ್ಗದಲ್ಲೂ ಇರಬಹುದು. ಎರಡೂ ಕಡೆ ಶಾಖೆ ಇರುವವರ ಕರೆ ಯಾರದೋ ಮನೆಯಲ್ಲಿ ರಿಂಗಾಗುವುದಕ್ಕಿಂತ, ಹೋಗದೆ ನಿಲ್ಲುವುದೇ ಮೇಲು.

ಫ್ರೀಪಿಬಿಎಕ್ಸ್ (ಪಿಬಿಎಕ್ಸ್ ನಡೆಸುವ ಒಂದು ಸಾಫ್ಟ್‌ವೇರ್) ಬಳಸುವವರು ಔಟ್‌ಬೌಂಡ್ ರೂಟ್ಸ್‌ನಲ್ಲಿ ಡಯಲ್ ಪ್ಯಾಟರ್ನ್ಸ್ ತೆರೆಯಿರಿ. ಮೊದಲ ಸಾಲಿನ ಪ್ರಿಪೆಂಡ್ ಕಾಲಮ್ಮಿಗೆ +91, ಪ್ರಿಫಿಕ್ಸ್‌ಗೆ 0, ಮ್ಯಾಚ್ ಪ್ಯಾಟರ್ನ್‌ಗೆ ಒಂದು ಝಡ್, ಅದರ ನಂತರ ಒಂಬತ್ತು ಎಕ್ಸ್. ಸೊನ್ನೆ ಒತ್ತಿ ಮಾಡುವ ಮೊಬೈಲೂ ಎಸ್‌ಟಿಡಿಯೂ ಇದೊಂದರಲ್ಲೇ ಆಗುತ್ತವೆ. ಎಕ್ಸ್ ಎಂದರೆ ಯಾವುದೇ ಅಂಕಿ, ಝಡ್ ಎಂದರೆ 1ರಿಂದ 9, ಹಾಗಾಗಿ 00 ಒತ್ತಿದ ಐಎಸ್‌ಡಿ ಕರೆ ಇಲ್ಲಿ ಸಿಕ್ಕಿಬೀಳುವುದಿಲ್ಲ. ಸೊನ್ನೆಯಿಲ್ಲದೆ ಒತ್ತುವ ಮೊಬೈಲಿಗೆ ಎರಡನೇ ಸಾಲು: ಪ್ರಿಪೆಂಡ್ +91, ಪ್ರಿಫಿಕ್ಸ್ ಖಾಲಿ, ಮ್ಯಾಚ್‌ನಲ್ಲಿ [6-9] ಮತ್ತು ಒಂಬತ್ತು ಎಕ್ಸ್. ಊರೊಳಗಿನ ನಂಬರಿಗೆ ಮೂರನೇ ಸಾಲು: ಸಾಗರವಾದರೆ ಪ್ರಿಪೆಂಡ್ +918183 (8183 ಅಲ್ಲಿನ ಎಸ್‌ಟಿಡಿ ಕೋಡ್), ಮ್ಯಾಚ್ 2 ಮತ್ತು ಐದು ಎಕ್ಸ್. ಸಾಫ್ಟ್‌ವೇರಿನಲ್ಲಿ +91 ಸಮೇತ ಉಳಿಸಿಟ್ಟ ನಂಬರುಗಳಿದ್ದರೆ, +91 ಮತ್ತು ಹತ್ತು ಎಕ್ಸ್ ಎಂದು ಮ್ಯಾಚ್‌ನಲ್ಲೇ ಬರೆದ ಇನ್ನೊಂದು ಸಾಲು ಬೇಕು.

ಹೆಚ್ಚಿನವರು ಎಡವುವುದು ಸೊನ್ನೆಯಲ್ಲಿ. ಪ್ರಿಫಿಕ್ಸ್‌ನಲ್ಲಿ ಬರೆದದ್ದು ಕಳಿಸುವಾಗ ಉದುರುತ್ತದೆ, ಮ್ಯಾಚ್‌ನಲ್ಲಿ ಬರೆದದ್ದು ಉಳಿಯುತ್ತದೆ. ಸೊನ್ನೆಯನ್ನು ಮ್ಯಾಚ್‌ನಲ್ಲಿ ಬರೆದರೆ ನಮಗೆ +910 ಎಂದು ಶುರುವಾಗುವ ನಂಬರ್ ಬರುತ್ತದೆ. ಲಾಗ್ (ಪಿಬಿಎಕ್ಸ್ ಬರೆದಿಡುವ ಕರೆಗಳ ದಾಖಲೆ) ತೆರೆದು ಎಣಿಸಿ: ಪ್ಲಸ್ ನಂತರ 12 ಅಂಕಿ ಇದ್ದರೆ ಸರಿ, 13 ಇದ್ದರೆ ಸೊನ್ನೆ ಉಳಿದುಕೊಂಡಿದೆ.

112ಕ್ಕೆ ಮಾತ್ರ +91 ಸೇರಿಸಲೇಬೇಡಿ. ಅದಕ್ಕೆ ಬೇರೆಯದೇ ರೂಟ್ ಮಾಡಿ, ಪಟ್ಟಿಯ ತಲೆಯಲ್ಲಿಡಿ. 1800 ನಂಬರುಗಳೂ ಇದ್ದಹಾಗೇ ಹೋಗಲಿ.

ಇಷ್ಟಾದ ಮೇಲೂ ಕರೆ ಹೋಗದಿದ್ದರೆ, ದಯವಿಟ್ಟು ಮೊದಲು ರೌಟರ್ ಆಫ್ ಮಾಡಬೇಡಿ. ಒಳಗೆ ಕರೆ ಬರುತ್ತಿದೆ ಎಂದರೆ ಇಂಟರ್ನೆಟ್ ಬಹುಪಾಲು ಸರಿಯಾಗೇ ಇದೆ. ‘ಆಲ್ ಸರ್ಕ್ಯೂಟ್ಸ್ ಆರ್ ಬ್ಯುಸಿ ನೌ’ ಎಂಬ ದನಿ ಬರುವುದು ನಿಮ್ಮದೇ ಪಿಬಿಎಕ್ಸ್‌ನಿಂದ. ಲೈನ್ ತುಂಬಿದೆ ಎಂದೇ ಅದರ ಅರ್ಥವಲ್ಲ, ಟ್ರಂಕ್ (ನಿಮ್ಮ ಪಿಬಿಎಕ್ಸ್‌ನಿಂದ ನಮಗಿರುವ ಸಂಪರ್ಕ) ಬೇರೆ ಹಲವು ಕಾರಣಕ್ಕೆ ಕರೆ ತಿರಸ್ಕರಿಸಿದರೂ ಅದು ಹಾಗೇ ಹೇಳುತ್ತದೆ. ನಿಜವಾದ ಕಾರಣ ಕೋಡ್‌ನಲ್ಲಿರುತ್ತದೆ. ಆಸ್ಟರಿಸ್ಕ್ (ಫ್ರೀಪಿಬಿಎಕ್ಸ್‌ನ ಒಳಗೆ ಕರೆ ನಡೆಸುವ ಸಾಫ್ಟ್‌ವೇರ್) ಕನ್ಸೋಲಿನಲ್ಲಿ ‘ಪಿಜೆಸಿಪ್ ಸೆಟ್ ಲಾಗರ್ ಆನ್’ ಆಜ್ಞೆ ಕೊಟ್ಟು ಒಮ್ಮೆ ಡಯಲ್ ಮಾಡಿ ನೋಡಿ.

ಮೊದಲಿಗೆ 401 ಅಥವಾ 407 ಕಂಡರೆ ಗಾಬರಿ ಬೇಡ, ಅದು ಪಾಸ್‌ವರ್ಡ್ ಕೇಳುವ ಕ್ರಮ. ಅದಾದ ಮೇಲೆ ಬರುವ ಕೋಡೇ ಮುಖ್ಯ. 404 ಅಥವಾ 484 ಬಂದರೆ ನಂಬರಿನ ರೂಪ ತಪ್ಪಿದೆ, ಮೇಲಿನ ಸಾಲುಗಳನ್ನು ಮತ್ತೆ ನೋಡಿ. 403 ಬಂದರೆ ಕಾಲರ್ ಐಡಿ ನೋಡಿ: ನಾವು ಕೊಟ್ಟ ನಂಬರನ್ನೇ ಹಾಕಬೇಕು, ಎಕ್ಸ್‌ಟೆನ್ಶನ್ (ಕಚೇರಿಯೊಳಗಿನ ಫೋನ್) 201 ಎಂದು ಹೋದರೆ ಒಪ್ಪುವುದಿಲ್ಲ. 488 ಎಂದರೆ ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವ ವಿಧಾನ) ಹೊಂದಲಿಲ್ಲ, ಕೋಡೆಕ್ ಪಟ್ಟಿಯಲ್ಲಿ ಎ-ಲಾ ಎಂಬುದು ಮೊದಲಿರಲಿ. 503 ಬಂದರೆ ನಿಮ್ಮ ಚಾನೆಲ್‌ಗಳು ತುಂಬಿವೆ ಅಥವಾ ತೊಂದರೆ ನಮ್ಮ ಕಡೆ ಇದೆ. ತಡಮಾಡದೆ ನಮಗೆ ತಿಳಿಸಿ.

ಉತ್ತರವೇ ಬಾರದಿದ್ದಾಗ ಅಥವಾ 408 ಕಂಡಾಗ ಮಾತ್ರ ರೌಟರ್ ಕಡೆ ಹೋಗಿ. ಅಲ್ಲಿ ಸಿಪ್ ಎಎಲ್‌ಜಿ (ಇಂಟರ್ನೆಟ್ ಕರೆಗಳ ಸಂದೇಶವನ್ನು ತಿದ್ದುವ ರೌಟರ್ ಸೌಲಭ್ಯ) ಆಫ್ ಮಾಡಿ. ನೆರವಿಗೆಂದು ಇಟ್ಟದ್ದೇ ಆದರೂ ಸಂದೇಶದೊಳಗಿನ ವಿಳಾಸವನ್ನು ಅದು ತಿದ್ದಿ ಕೆಡಿಸುವುದೇ ಹೆಚ್ಚು. ಕರೆ ಹೋಗಿಯೂ ಮಾತು ಕೇಳದಿದ್ದರೆ ಯುಡಿಪಿ 10000ರಿಂದ 20000ರವರೆಗಿನ ಪೋರ್ಟ್‌ಗಳನ್ನು ಫೈರ್‌ವಾಲ್ ತಡೆಯುತ್ತಿದೆಯೇ ನೋಡಿ.

ನಮಗೆ ಬರೆಯುವಾಗ ಕರೆ ಮಾಡಿದ ಹೊತ್ತು, ಒತ್ತಿದ ನಂಬರ್, ಲಾಗ್‌ನಲ್ಲಿ ಕಂಡ ಕೋಡ್, ಇವು ಮೂರನ್ನೂ ಕಳಿಸಿ.

ಇಂತಿ,
ತಾಂತ್ರಿಕ ವಿಭಾಗ