ಹೊಟ್ಟೆ ಕರಗಿಸುವ ದಾರ?

ಮಾನ್ಯರೇ,

ಹೊಟ್ಟೆಯ ಬೊಜ್ಜಿಗೆ ಚೀನಾ, ತೈವಾನ್‌ಗಳಲ್ಲಿ ಒಂದು ಚಿಕಿತ್ಸೆ ಚಾಲ್ತಿಯಲ್ಲಿದೆ. ಅಕ್ಯುಪಂಕ್ಚರ್ ಬಿಂದುಗಳಲ್ಲಿ ಟೊಳ್ಳು ಸೂಜಿ ಚುಚ್ಚಿ, ದಾರದ ಚಿಕ್ಕ ತುಂಡನ್ನು ಒಳಗೇ ಬಿಡುತ್ತಾರೆ. ಹೊಕ್ಕುಳಿನ ಎರಡೂ ಪಕ್ಕದ ‘ತಿಯಾನ್‌ಶು’, ಹೊಕ್ಕುಳಿನ ಮೇಲಿನ ‘ಝೊಂಗ್‌ವಾನ್’ ಇದಕ್ಕೆ ಹೆಚ್ಚಾಗಿ ಆರಿಸುವ ಜಾಗಗಳು. ದಾರ ನಿಧಾನವಾಗಿ ತಾನೇ ಕರಗುತ್ತದೆ. ಅಲ್ಲಿಯವರೆಗೆ ಬಿಂದುವಿಗೆ ಪ್ರಚೋದನೆ ಸಿಗುತ್ತದೆ, ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳುವ ಗೋಜಿಲ್ಲ ಅನ್ನುವುದು ಲೆಕ್ಕಾಚಾರ.

ಹಳೆಯ ಪದ್ಧತಿಯ ದಾರ ಕ್ಯಾಟ್‌ಗಟ್. ಅದನ್ನು ಮಾಡುವುದು ಕುರಿ ಅಥವಾ ದನದ ಕರುಳಿನಿಂದ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಅಲ್ವಾ? ಈಗ ಸಿಂಥೆಟಿಕ್ ದಾರವೂ ಬಂದಿದೆ.

ಸೊಂಟದ ಸುತ್ತಳತೆ ಇಳಿಯಿತು ಎನ್ನುವ ಅಧ್ಯಯನಗಳೇನೋ ಇವೆ. ಆದರೆ ಹೆಚ್ಚಿನವು ಚಿಕ್ಕವು, ಚೀನಾದಲ್ಲೇ ನಡೆದವು, ಕೆಲವೇ ವಾರ ಅಥವಾ ತಿಂಗಳಲ್ಲಿ ಮುಗಿದವು. ಜೊತೆಗೆ ಪಥ್ಯವನ್ನೂ ಮಾಡಿಸಿದ್ದರೆ, ಹೊಟ್ಟೆ ಇಳಿದದ್ದು ದಾರದಿಂದಲೋ ಅನ್ನ ಕಮ್ಮಿ ಮಾಡಿದ್ದರಿಂದಲೋ? ಇನ್ನೊಂದು ಕಡೆ ನೋವು, ನೀಲಿಗಟ್ಟುವುದು, ಚರ್ಮದಡಿ ಗಂಟಾಗುವುದು ಇದ್ದದ್ದೇ. ಸ್ವಚ್ಛತೆ ತಪ್ಪಿದರೆ ಸೋಂಕು, ಕೀವು. ಸಕ್ಕರೆ ಕಾಯಿಲೆ ಇರುವವರಿಗೆ ಈ ಭಯ ಜಾಸ್ತಿ. ಹೊಟ್ಟೆ ಬೊಜ್ಜು ಇರುವವರಲ್ಲೇ ಸಕ್ಕರೆ ಕಾಯಿಲೆಯೂ ಹೆಚ್ಚು!

ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಸುತ್ತಳತೆ ದಾಟಿದರೆ ಎಚ್ಚರ ಬೇಕು ಅನ್ನುತ್ತಾರೆ ವೈದ್ಯರು. ಅದನ್ನು ದಾಟಿದವರಿಗೆ ಬರವಿಲ್ಲ. ಹಾಗಾಗಿ ಇಂಥ ಚಿಕಿತ್ಸೆಯ ಜಾಹೀರಾತು ಇಲ್ಲಿ ಶುರುವಾದರೆ ಗಿರಾಕಿಗಳೂ ಸಿಗುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರ್‌ಗೆ ಮಾನ್ಯತೆ ಕೊಟ್ಟಿದೆ, ಸರಿ. ಆದರೆ ಮೈಯೊಳಗೆ ದಾರ ಬಿಡುವುದು ಸುಮ್ನೆ ಸೂಜಿ ಚುಚ್ಚಿ ತೆಗೆದ ಹಾಗಲ್ಲ. ಇದನ್ನು ಯಾರು ಮಾಡಬಹುದು, ಯಾವ ದಾರ ಬಳಸಬೇಕು ಎಂದು ಆರೋಗ್ಯ ಇಲಾಖೆ ಈಗಲೇ ಸ್ಪಷ್ಟವಾಗಿ ಹೇಳಲಿ.

– ಓದುಗ, ದಾವಣಗೆರೆ