ಮಗಳಿಗೊಂದು ಪತ್ರ: ನೀತಿ ಎಂಬ ಒಂದೇ ಪದ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಪ್ರಬಂಧದ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ತಾಯಿಯಾಗಿ ಓದಿ ಹಿಗ್ಗಿದೆ. ಎರಡನೆಯ ಸಲ ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದವಳಾಗಿ ಓದಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದೆ. ಆ ಗೀಚುಗಳಲ್ಲಿ ಹೆಚ್ಚಿನವು ನಿನ್ನ ಒಂದೇ ವಾಕ್ಯದ ಸುತ್ತ ಇವೆ: ರಾಷ್ಟ್ರಗಳ ನಡುವೆ ನಿಜವಾಗಿ ಇರುವುದು ಹಿತಾಸಕ್ತಿ ಮಾತ್ರ, ನೈತಿಕತೆ ಎಂಬುದು ಅದಕ್ಕೆ ಬಳಿದ ಬಣ್ಣ. ಈ ವಾಕ್ಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಇಷ್ಟು ಸುಲಭವಾಗಿ ಬರೆದುಬಿಡುವ ವಾಕ್ಯವೂ ಇದಲ್ಲ.

ನಮ್ಮ ಭಾಷೆಯಲ್ಲಿರುವ ಒಂದು ಸೋಜಿಗವನ್ನು ಗಮನಿಸಿದ್ದೀಯಾ? ವಿದೇಶಾಂಗ ನೀತಿ ಎನ್ನುವಾಗಲೂ ನೀತಿ, ನೀತಿಗೆಟ್ಟವರು ಎಂದು ಬೈಯುವಾಗಲೂ ನೀತಿ. ಹಾಗೆಂದ ಮಾತ್ರಕ್ಕೆ ಹಿಂದಿನವರು ಅರಮನೆಯ ಲೆಕ್ಕಾಚಾರವನ್ನೂ ಒಳ್ಳೆಯತನವನ್ನೂ ಒಂದೇ ಎಂದು ನಂಬಿದ್ದ ಮುಗ್ಧರೇನಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸ್ಥಿತಿಗೆ ಮಾತ್ಸ್ಯನ್ಯಾಯವೆಂದು ಹೆಸರಿಟ್ಟವರೂ ಅವರೇ. ಒಂದೇ ಪದಕ್ಕೆ ಎರಡೂ ಹೊರೆಗಳನ್ನು ಹೊರಿಸಿರುವುದರಿಂದ, ಯಾವುದು ಯಾವುದರ ವೇಷದಲ್ಲಿದೆ ಎಂದು ಪ್ರತಿ ಸಲವೂ ನೋಡಿಯೇ ತಿಳಿಯಬೇಕಾಗುತ್ತದೆ. ನಿನ್ನ ಪ್ರಬಂಧದಲ್ಲಿ ಆ ನೋಟ ಒಂದೇ ದಿಕ್ಕಿಗೆ ಹರಿದಿದೆ.

ನಿನ್ನ ವಾದಕ್ಕೆ ನೀನು ಆಧಾರ ಮಾಡಿಕೊಂಡದ್ದು ಮೆಲೋಸ್ ದ್ವೀಪದ ಪ್ರಸಂಗ. ಪ್ರಾಚೀನ ಗ್ರೀಸಿನಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆ ಯುದ್ಧ ನಡೆದಿದ್ದ ಕಾಲ; ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಆ ಪುಟ್ಟ ದ್ವೀಪದವರಿಗೆ, ನ್ಯಾಯದ ಮಾತೆಲ್ಲ ಸಮಬಲರ ನಡುವೆ ಮಾತ್ರ ಎಂದು ಹೇಳಿ, ಶರಣಾಗದಿದ್ದಾಗ ಮುತ್ತಿಗೆ ಹಾಕಿ ಗೆದ್ದು, ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವವರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಅದನ್ನು ಬರೆದಿಟ್ಟ ಗ್ರೀಕ್ ಚರಿತ್ರೆಕಾರ ಥುಸಿಡಿಡೀಸನೇ, ಅದೇ ಯುದ್ಧದಲ್ಲಿ ಹನ್ನೊಂದು ವರ್ಷ ಮೊದಲು ನಡೆದ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಮಿಟಿಲೀನ್ ಎಂಬ ಮಿತ್ರನಗರ ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತಿತು. ಸಿಟ್ಟಿನ ಭರದಲ್ಲಿ ಅಥೆನ್ಸಿನ ಸಭೆ, ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಬೇಕೆಂದು ನಿರ್ಣಯಿಸಿ, ಆಜ್ಞೆಯೊಡನೆ ಹಡಗೊಂದನ್ನು ಕಳುಹಿಸಿಯೂ ಬಿಟ್ಟಿತು. ಮರುದಿನ ಬೆಳಗಾಗುವಷ್ಟರಲ್ಲಿ ಜನರಿಗೆ ತಾವು ಮಾಡಿದ್ದು ಕ್ರೌರ್ಯವೆನಿಸಿತು. ಸಭೆ ಮತ್ತೆ ಸೇರಿತು, ಅಲ್ಪ ಅಂತರದಿಂದ ನಿರ್ಣಯ ಬದಲಾಯಿತು, ಎರಡನೆಯ ಹಡಗು ಹೊರಟಿತು. ಮೊದಲನೆಯದು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಹಿಂದಿನಿಂದ ಹೊರಟವರು ಹುಟ್ಟು ಹಾಕುತ್ತಲೇ, ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ತಿನ್ನುತ್ತ, ಸರದಿಯ ಮೇಲೆ ನಿದ್ರೆ ಮಾಡುತ್ತ ಸಾಗಿದರು. ಮುಂದಿನ ಹಡಗಿನವರು ಹೋಗುತ್ತಿದ್ದ ಕೆಲಸವೇ ಹೇಸಿಗೆಯದ್ದಾದ್ದರಿಂದ ಅವರು ಆತುರಪಡಲಿಲ್ಲ. ಸೇನಾಪತಿ ಆಜ್ಞೆಯನ್ನು ಓದಿ ಮುಗಿಸಿ ಜಾರಿಗೆ ತರಲು ಸಿದ್ಧನಾಗುತ್ತಿದ್ದಾಗ ಎರಡನೆಯ ಹಡಗು ದಡ ಮುಟ್ಟಿತು.

ನಾನು ಈ ಕಥೆಯನ್ನು ಇಷ್ಟು ಹೇಳಲು ಕಾರಣ ಹಡಗಲ್ಲ, ಆ ಎರಡನೆಯ ದಿನದ ಭಾಷಣ. ಮಿಟಿಲೀನಿನವರ ಪ್ರಾಣ ಉಳಿಸಿದ ಡಿಯೊಡೋಟಸ್ ಎಂಬ ಅಥೆನ್ಸಿನ ಭಾಷಣಕಾರ ಕರುಣೆಯ ಒಂದು ಮಾತನ್ನೂ ಆಡಲಿಲ್ಲ. ಇವರನ್ನು ಕೊಲ್ಲುವುದು ನ್ಯಾಯವೇ ಎಂಬುದು ನಮ್ಮ ಪ್ರಶ್ನೆಯಲ್ಲ, ಅದರಿಂದ ನಮಗೇನು ಲಾಭ ಎಂಬುದೇ ಪ್ರಶ್ನೆ ಎಂದು ಅವನು ವಾದಿಸಿದ. ಜನರನ್ನು ಸಭೆಗೆ ಮರಳಿ ಕರೆತಂದದ್ದು ಮಾತ್ರ ಪಶ್ಚಾತ್ತಾಪ. ನಿನ್ನ ಪ್ರಬಂಧದ ಅಳತೆಗೋಲಿನಿಂದ ಅಳೆದರೆ ಅಂದು ಗೆದ್ದದ್ದು ಹಿತಾಸಕ್ತಿ. ಆದರೆ ಆ ಹಿತಾಸಕ್ತಿಯ ನಾಲಗೆಯಿಂದ ಅಂದು ಮಾತಾಡಿದ್ದು ಯಾರು? ದಂಗೆಯ ಮುಂದಾಳುಗಳೆಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಮೇಲೆಯೂ ಕೊಂದರು ಎಂಬುದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ರಾಷ್ಟ್ರಗಳ ನಡುವಿನ ನೈತಿಕತೆಗೆ ಸಿಗುವುದು ಸಾಮಾನ್ಯವಾಗಿ ಇಂಥ ಅರೆಗೆಲುವೇ.

ವೇಷ ತಿರುಗುಮುರುಗಾದ ಉದಾಹರಣೆಗಳಿಗಂತೂ ಬರವಿಲ್ಲ. ಯುರೋಪಿನ ಶಕ್ತಿಗಳು ಆಫ್ರಿಕದ ಮೇಲಿನ ತಮ್ಮ ಹಕ್ಕುಗಳನ್ನು ಇತ್ಯರ್ಥಮಾಡಿಕೊಳ್ಳಲು ಸೇರಿದ್ದ 1884-85ರ ಬರ್ಲಿನ್ ಸಮ್ಮೇಳನದ ಒಪ್ಪಂದದಲ್ಲಿ ಆಫ್ರಿಕದ ಮೂಲನಿವಾಸಿಗಳ ಏಳಿಗೆಯ ಮಾತೂ ಇತ್ತು, ಗುಲಾಮಗಿರಿಯನ್ನು ತೊಡೆದುಹಾಕುವ ಮಾತೂ ಇತ್ತು. ಅದೇ ಹೊತ್ತಿನಲ್ಲಿ ಮಾನ್ಯತೆ ಪಡೆದ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಕಾಂಗೋದಲ್ಲಿ ರಬ್ಬರಿಗಾಗಿ ಜನರ ಕೈ ಕಡಿದರು. ಹೇಳುವುದು ಆಚಾರ, ಮಾಡುವುದು ಅನಾಚಾರ. ಇದನ್ನು ನೀನು ಚೆನ್ನಾಗಿಯೇ ಬರೆದಿದ್ದೀಯೆ, ನಾನು ಸೇರಿಸುವುದೇನೂ ಇಲ್ಲ.

ಆದರೆ ರುವಾಂಡದ ಬಗ್ಗೆ ಬರೆದ ಪುಟವನ್ನು ನೀನು ಮತ್ತೊಮ್ಮೆ ಬರೆಯಬೇಕು. 1994ರ ಏಪ್ರಿಲಿನಿಂದ ಸುಮಾರು ನೂರು ದಿನಗಳಲ್ಲಿ ಅಂದಾಜು ಎಂಟು ಲಕ್ಷ ಜನರ ಕೊಲೆಯಾಯಿತು, ಜಗತ್ತು ಸುಮ್ಮನಿತ್ತು, ಆದ್ದರಿಂದ ನೈತಿಕತೆಗೆ ಬೆಲೆಯಿಲ್ಲ ಎಂದು ನೀನು ಬರೆದಿದ್ದೀಯೆ. ಸುಮ್ಮನಿದ್ದ ರೀತಿಯನ್ನು ಹತ್ತಿರದಿಂದ ನೋಡು. ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕ ರೋಮಿಯೊ ಡಲೇರ್ ಜನವರಿಯಲ್ಲೇ ಶಸ್ತ್ರಾಸ್ತ್ರ ಸಂಗ್ರಹದ ಬಗ್ಗೆ ನ್ಯೂಯಾರ್ಕಿಗೆ ಎಚ್ಚರಿಕೆಯ ತಂತಿ ಕಳುಹಿಸಿದ್ದರು. ಅದನ್ನು ವಶಪಡಿಸಿಕೊಳ್ಳಲು ಅನುಮತಿ ಸಿಗಲಿಲ್ಲ. ಕೊಲೆಗಳು ಶುರುವಾದ ಮೇಲೆ, ಏಪ್ರಿಲ್ 21ರಂದು, ಭದ್ರತಾ ಮಂಡಳಿ ಆ ಪಡೆಯನ್ನು ಸುಮಾರು 270 ಜನರಿಗೆ ಇಳಿಸಲು ನಿರ್ಧರಿಸಿತು. ಆ ವರ್ಷ ಮಂಡಳಿಯ ಹದಿನೈದು ಕುರ್ಚಿಗಳಲ್ಲಿ ಒಂದರಲ್ಲಿ, ಆ ಕೊಲೆಗಳ ಹಿಂದಿದ್ದ ರುವಾಂಡ ಸರ್ಕಾರದ ಪ್ರತಿನಿಧಿಯೇ ಕುಳಿತಿದ್ದ. ಇತ್ತ ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರರು ವಾರಗಟ್ಟಲೆ ಜನಾಂಗಹತ್ಯೆ ಎಂಬ ಪದವನ್ನು ನೇರವಾಗಿ ಉಚ್ಚರಿಸದೆ, ಜನಾಂಗಹತ್ಯೆಯ ಕೃತ್ಯಗಳು ನಡೆದಿರಬಹುದು ಎಂದು ಹೇಳುತ್ತ ಬಂದರು. ಅಂಥ ಎಷ್ಟು ಕೃತ್ಯಗಳು ಸೇರಿದರೆ ಒಂದು ಜನಾಂಗಹತ್ಯೆಯಾಗುತ್ತದೆ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಉತ್ತರವಿರಲಿಲ್ಲ.

ಬೆಲೆಯೇ ಇಲ್ಲದ ಪದವಾಗಿದ್ದರೆ ಅದಕ್ಕೆ ಅಷ್ಟು ಹೆದರಬೇಕಾಗಿತ್ತೇ? 1948ರ ಒಡಂಬಡಿಕೆಗೆ ಸಹಿ ಹಾಕಿದವರು ಜನಾಂಗಹತ್ಯೆಯನ್ನು ತಡೆಯುತ್ತೇವೆಂದು ಮಾತು ಕೊಟ್ಟಿದ್ದರು. ಆ ಪದ ಬಾಯಿಗೆ ಬಂದರೆ ಕೊಟ್ಟ ಮಾತೂ ಎದುರು ಬಂದು ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಸಾಲ ಕೊಟ್ಟವನನ್ನು ಕಂಡು ಓಣಿ ಬದಲಿಸುವವನು ಸಾಲವೇ ಇಲ್ಲ ಎನ್ನುವವನಲ್ಲ. ನನಗೆ ಆ ತಪ್ಪಿಸಿಕೊಳ್ಳುವಿಕೆ ಮೌನಕ್ಕಿಂತ ಹೆಚ್ಚು ನಾಚಿಕೆಗೇಡಿನದೆನಿಸುತ್ತದೆ, ಏಕೆಂದರೆ ಅದರಲ್ಲಿ ತಿಳಿವಳಿಕೆ ಇದೆ.

ನಿನ್ನ ಕರಡಿನಲ್ಲಿಲ್ಲದ ಒಂದು ಸಂಗತಿಯನ್ನು ಹೇಳುತ್ತೇನೆ. ಇದು ನನ್ನ ವಾದಕ್ಕೂ ಅಷ್ಟೇನೂ ಅನುಕೂಲಕರವಲ್ಲ. 1945ರ ಬೇಸಿಗೆಯಲ್ಲಿ ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಕ್ಯೋಟೊ ನಗರ ಮುಂಚೂಣಿಯಲ್ಲಿತ್ತು. ಅದನ್ನು ತೆಗೆದುಹಾಕಬೇಕೆಂದು ಹಟ ಹಿಡಿದವರು ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್. ಹಿಂದೆ ಆ ನಗರವನ್ನು ಕಣ್ಣಾರೆ ಕಂಡಿದ್ದ ಅವರು, ಸೇನಾಧಿಕಾರಿಗಳು ಮತ್ತೆ ಮತ್ತೆ ಅದರ ಹೆಸರನ್ನು ಸೇರಿಸಿದರೂ ಬಿಡದೆ, ಅಧ್ಯಕ್ಷ ಟ್ರೂಮನ್ ಅವರವರೆಗೂ ವಿಷಯವನ್ನು ಒಯ್ದು ಗೆದ್ದರು. ಅವರು ಕೊಟ್ಟ ಕಾರಣಗಳಲ್ಲಿ, ಇಂಥ ಕೃತ್ಯದ ಕಹಿಯಿಂದ ಜಪಾನು ರಷ್ಯದತ್ತ ವಾಲೀತು ಎಂಬ ಲೆಕ್ಕವೂ ಇತ್ತು. ಕ್ಯೋಟೊ ಉಳಿಯಿತು. ಪಟ್ಟಿಗೆ ನಾಗಸಾಕಿ ಸೇರಿತು. ಆಗಸ್ಟ್ 9ರಂದು ವಿಮಾನದ ಮೊದಲ ಗುರಿ ಕೊಕುರಾ ನಗರವಾಗಿತ್ತು. ಅಲ್ಲಿ ನೆಲ ಸ್ಪಷ್ಟವಾಗಿ ಕಾಣದ್ದರಿಂದ ಅದು ನಾಗಸಾಕಿಗೆ ತಿರುಗಿತು. ಒಬ್ಬ ಮನುಷ್ಯನ ಮನಸ್ಸಿನ ಅಳುಕು ಒಂದು ನಗರವನ್ನು ಉಳಿಸಿ, ಇನ್ನೊಂದನ್ನು ಮೋಡಗಳ ಆಟಕ್ಕೆ ಒಪ್ಪಿಸಿತು. ಇದನ್ನು ನೈತಿಕತೆಯ ಗೆಲುವೆನ್ನಲು ನನಗೆ ಬಾಯಿ ಬರುವುದಿಲ್ಲ. ಏನೂ ಅಲ್ಲವೆನ್ನಲೂ ಬರುವುದಿಲ್ಲ. ತರಗತಿಯಲ್ಲಿ ಈ ಪಾಠ ಮಾಡಿದಾಗಲೆಲ್ಲ ನಾನು ಇಲ್ಲಿ ತಡವರಿಸಿದ್ದೇನೆ.

ಇರಾಕಿನ ಮೇಲಿನ ದಿಗ್ಬಂಧನದ ಬಗ್ಗೆ ನೀನು ಬರೆದದ್ದನ್ನು ಒಪ್ಪುತ್ತೇನೆ. ಯುದ್ಧಕ್ಕಿಂತ ಸೌಮ್ಯವೆಂದು 1990ರಲ್ಲಿ ಹೇರಿದ ಆ ಕ್ರಮದ ಬೆಲೆಯನ್ನು ತೆತ್ತವರು ಅರಮನೆಯಲ್ಲಿದ್ದವರಲ್ಲ. ಅಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹಾಲಿಡೇ 1998ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದದ್ದನ್ನೂ ಒಂದು ಸಾಲಿನಲ್ಲಿ ಸೇರಿಸು.

ಇನ್ನು 1971. ಭಾರತದ ಮಧ್ಯಪ್ರವೇಶವನ್ನು ನೀನು ಶುದ್ಧ ಲೆಕ್ಕಾಚಾರವೆಂದಿದ್ದೀಯೆ. ಪಾಕಿಸ್ತಾನಿ ಸೇನೆ ನಡೆಸುತ್ತಿದ್ದ ಕೊಲೆಗಳಿಗೆ ಹೆದರಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿದ್ದರು. ಅವರನ್ನು ಸಲಹುವುದು ಹೊರೆಯಾಗಿತ್ತು, ನೆರೆಯ ಎದುರಾಳಿ ಎರಡು ತುಂಡಾಗುವುದು ಅನುಕೂಲವೂ ಆಗಿತ್ತು. ಅದೆಲ್ಲ ನಿಜ. ಅದೇ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ 104-11 ಮತಗಳಿಂದ ಕದನವಿರಾಮ ಮತ್ತು ಸೇನಾ ವಾಪಸಾತಿಗೆ ಕರೆ ಕೊಟ್ಟಿತು. ಗಡಿಗಳನ್ನು ಗೌರವಿಸಬೇಕೆಂಬುದೂ ಒಂದು ನೀತಿಯೇ, ಸಣ್ಣ ದೇಶಗಳಿಗಂತೂ ಅದು ಪ್ರಾಣದ ಪ್ರಶ್ನೆ. ಆ 104 ದೇಶಗಳನ್ನು ನೀತಿಗೆಟ್ಟವೆಂದು ತಳ್ಳಿಹಾಕುವಂತಿಲ್ಲ. ಆದರೆ ಯುದ್ಧ ನಿಂತಾಗ ನಿಂತದ್ದು ಕೊಲೆಯೂ ಹೌದು, ಮನೆಗೆ ಮರಳಿದವರು ಮರಳಿದ್ದೂ ಹೌದು. ಎರಡು ನೀತಿಗಳು ಎದುರಾಬದುರಾದಾಗ ಹಿತಾಸಕ್ತಿ ಒಂದರ ಪಕ್ಕದಲ್ಲಿ ನಿಂತಿತು ಎಂದು ಬರೆದರೆ ಸತ್ಯಕ್ಕೆ ಹತ್ತಿರವಾದೀತು.

ಆ ವರ್ಷದ ಇನ್ನೊಂದು ಕಾಗದವನ್ನು ನೀನು ಹುಡುಕಿ ಓದಬೇಕು. ಢಾಕಾದಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಆರ್ಚರ್ ಬ್ಲಡ್, ಮಾರ್ಚ್ 25ರ ರಾತ್ರಿಯಿಂದ ನಡೆದ ಹತ್ಯೆಗಳನ್ನು ವಾಷಿಂಗ್ಟನ್ನಿಗೆ ವರದಿ ಮಾಡುತ್ತ ಬಂದರು. ಏಪ್ರಿಲ್ 6ರಂದು ಅಲ್ಲಿನ ಇಪ್ಪತ್ತು ಅಮೆರಿಕನ್ ಅಧಿಕಾರಿಗಳು, ತಮ್ಮದೇ ಸರ್ಕಾರ ನೈತಿಕವಾಗಿ ದಿವಾಳಿಯಾಗಿದೆ ಎಂದು ಅನೇಕರಿಗೆ ಅನಿಸುವಂತೆ ನಡೆದುಕೊಂಡಿದೆಯೆಂದು ಭಿನ್ನಮತದ ತಂತಿಯೊಂದನ್ನು ಕಳುಹಿಸಿದಾಗ, ಬ್ಲಡ್ ಅದನ್ನು ಬೆಂಬಲಿಸಿ ತಮ್ಮ ಟಿಪ್ಪಣಿಯನ್ನೂ ಜೋಡಿಸಿದರು. ಅಧ್ಯಕ್ಷ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಆಗ ಪಾಕಿಸ್ತಾನದ ಮೂಲಕ ಚೀನಾದ ಬಾಗಿಲು ತಟ್ಟುತ್ತಿದ್ದರು. ಜುಲೈಯಲ್ಲಿ ಕಿಸಿಂಜರ್ ಅದೇ ದಾರಿಯಲ್ಲಿ ಗುಟ್ಟಾಗಿ ಬೀಜಿಂಗಿಗೆ ಹೋಗಿಬಂದರು. ತಂತಿಯಿಂದ ಅಮೆರಿಕದ ಧೋರಣೆ ಒಂದಿಂಚೂ ಅಲುಗಲಿಲ್ಲ. ಬ್ಲಡ್ ಅವರನ್ನು ಢಾಕಾದಿಂದ ಹಿಂದಕ್ಕೆ ಕರೆಸಿಕೊಂಡರು, ಅವರ ವೃತ್ತಿಜೀವನ ಕುಂಟಿತು.

ಆ ತಂತಿಯಲ್ಲಿ ಡಿಯೊಡೋಟಸನ ಚಾತುರ್ಯವಿಲ್ಲ, ಅದು ನೇರವಾಗಿ ಮಾತಾಡುತ್ತದೆ, ಮತ್ತು ಸೋಲುತ್ತದೆ. ಬಣ್ಣ ಬಳಿಯುವುದಕ್ಕಾಗಿ ಬರೆದದ್ದಾಗಿದ್ದರೆ ಅದು ಗುಪ್ತ ಕಡತದೊಳಗೆ ಹೋಗುತ್ತಿರಲಿಲ್ಲ. ಹೊರಗಿನವರ ಕಣ್ಣಿಗೆ ಬೀಳದಂತೆ, ತಮ್ಮ ನೌಕರಿಯನ್ನು ಒತ್ತೆಯಿಟ್ಟು, ಸರ್ಕಾರದ ಒಳಗಿನವರೇ ಸರ್ಕಾರಕ್ಕೆ ಬರೆದ ಈ ಕಾಗದವನ್ನು ನಿನ್ನ ಆ ವಾಕ್ಯ ಎಲ್ಲಿಡುತ್ತದೆ? ಹೊಸ ಕರಡಿನಲ್ಲಿ ಇದಕ್ಕೆ ಉತ್ತರವಿರಲಿ. ಇಪ್ಪತ್ತು ಸಹಿಗಳಿದ್ದ ಆ ತಂತಿಯ ಪಠ್ಯ ಈಗ ಗುಪ್ತವಾಗಿ ಉಳಿದಿಲ್ಲ, ಯಾರು ಬೇಕಾದರೂ ಓದಬಹುದು.

ನಿನ್ನ
ಅಮ್ಮ