ಕೊಳವೆಬಾವಿಗೂ ಬೇಕು ತೂಬಿನ ಕಲ್ಲು

ಮಾನ್ಯರೇ,

ಕೆರೆಯ ನೀರು ಕಣ್ಣಿಗೆ ಕಾಣುತ್ತಿತ್ತು. ತೂಬಿನ ಕಲ್ಲು ಎಷ್ಟು ಮುಳುಗಿದೆ ಎಂದು ನೋಡಿ, ಊರಿನ ಹೊಲಗಳಿಗೆ ನೀರು ಹಂಚುವ ನೀರುಗಂಟಿ ಈ ಸಲ ಎಷ್ಟು ಅಚ್ಚುಕಟ್ಟಿಗೆ ಭತ್ತ ಎಂದು ಹೇಳಿಬಿಡುತ್ತಿದ್ದ. ನೆಲದೊಳಗಿನ ನೀರಿಗೆ ಅಂಥ ಕಲ್ಲಿಲ್ಲ. ಅಂತರ್ಜಲ ಉಳಿಸುವ ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲಿ ರಾಜ್ಯದ 14 ಜಿಲ್ಲೆಗಳ 1,199 ಗ್ರಾಮ ಪಂಚಾಯಿತಿಗಳಿಗೆ ನೀರಿನ ಬಜೆಟ್, ಅಂದರೆ ಇಂಗಿದ್ದೆಷ್ಟು ಎತ್ತಿದ್ದೆಷ್ಟು ಎಂಬ ಲೆಕ್ಕ, ಎಂದು ಬಂದದ್ದು ಈ ಕೊರತೆ ತುಂಬಲಿಕ್ಕೇ. ಅದು ಬೀರುವಿನ ಕಡತವಾಗಿ ಉಳಿದರೆ ಬಂದೂ ಬಾರದಂತೆ.

ಲೆಕ್ಕ ಸರಳ. ಒಂದು ಹೆಕ್ಟೇರಿಗೆ 1 ಮಿ.ಮೀ. ಮಳೆಯೆಂದರೆ 10 ಸಾವಿರ ಲೀಟರ್, ಅಂದರೆ 10 ಘನ ಮೀಟರ್. 2,000 ಹೆಕ್ಟೇರಿನ ಪಂಚಾಯಿತಿಗೆ 500 ಮಿ.ಮೀ. ಬಿದ್ದರೆ 1 ಕೋಟಿ ಘನ ಮೀಟರ್. ಹಿಗ್ಗಬೇಡಿ, ಜೇಡಿ ಬೆರೆತ, ಶಿಥಿಲಗೊಂಡ ಗ್ರಾನೈಟ್ ಕಲ್ಲಿನಲ್ಲಿ ಇಂಗುವುದು ಶೇ 8ರ ಆಸುಪಾಸು, ಅಂದರೆ 8 ಲಕ್ಷ ಘನ ಮೀಟರ್. 5,000 ಜನರಿಗೆ ದಿನಕ್ಕೆ ತಲಾ 55 ಲೀಟರಿನಂತೆ ವರ್ಷಕ್ಕೆ 1 ಲಕ್ಷ ಎತ್ತಿಟ್ಟರೆ ಬೇಸಾಯಕ್ಕೆ 7 ಲಕ್ಷ. ಇನ್ನು ಖರ್ಚು: 20 ಲೀಟರಿನ ಬಕೆಟ್ 10 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ದಿನಕ್ಕೆ 7 ಗಂಟೆಯಂತೆ 100 ದಿನ ಓಡಿದರೆ ಒಂದು ಬಾವಿಗೆ 5,000 ಘನ ಮೀಟರ್. 140 ಬಾವಿಗಳಿಗೇ ಖಾತೆ ಬರಿದು. ಮುನ್ನೂರು ಬಾವಿಗಳಿದ್ದರೆ?

ತಪ್ಪುವುದು ಗುಣಾಕಾರದಲ್ಲಲ್ಲ, ಅಳತೆಯಲ್ಲಿ. ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ) ಇದ್ದ ಬಾವಿಗಳನ್ನಷ್ಟೇ ಎಣಿಸಿದರೆ ಅಕ್ರಮ ಸಂಪರ್ಕದವು ಬಿಟ್ಟುಹೋಗುತ್ತವೆ, ಬತ್ತಿದವು ಸೇರಿಕೊಳ್ಳುತ್ತವೆ. ಮೋಟಾರ್ ನಿಲ್ಲಿಸಿದ ಕೂಡಲೇ ಮಟ್ಟ ಅಳೆದರೆ ನೀರು ಇದ್ದುದಕ್ಕಿಂತ ಆಳದಲ್ಲಿದ್ದಂತೆ ಕಾಣುತ್ತದೆ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಪಂಪ್ ಓಡಿಸುವ ತ್ರೀಫೇಸ್ ವಿದ್ಯುತ್ ಬರುವ ಮೊದಲು ಅಳೆಯಬೇಕು. ಪಕ್ಕದ ಬಾವಿಯೂ ನಿಂತಿರಬೇಕು. ಮೇ ತಿಂಗಳಲ್ಲಿ ಅಳೆದ ಬಾವಿಗಳನ್ನೇ ನವೆಂಬರಿನಲ್ಲೂ ಅಳೆಯಬೇಕು. ಮಳೆಮಾಪಕವನ್ನು ಪಂಚಾಯಿತಿ ಗೋಡೆಗೆ ಒತ್ತಿ ಇಟ್ಟರೆ ಗಾಳಿಮಳೆಯ ಒಂದು ಪಾಲು ಅದರೊಳಗೆ ಬೀಳುವುದೇ ಇಲ್ಲ.

ಎಲ್ಲಕ್ಕಿಂತ ಕೆಡುವುದು ಹೊತ್ತು ತಪ್ಪಿದಾಗ. ಜನವರಿಯ ಗ್ರಾಮಸಭೆಯಲ್ಲಿ ಬಜೆಟ್ ಓದಿದರೆ ಕೇಳುವವರಾದರೂ ಏನು ಮಾಡಿಯಾರು? ಜೋಳ, ಕಡಲೆ, ಈರುಳ್ಳಿ ಆಗಲೇ ನೆಲದಲ್ಲಿರುತ್ತವೆ. ಸೆಪ್ಟೆಂಬರ್ ಕೊನೆಯವರೆಗಿನ ಮಳೆ ಹಿಡಿದು, ಅಕ್ಟೋಬರ್ ಮೊದಲ ವಾರವೇ ವಾರ್ಡ್ ಸಭೆಗಳಲ್ಲಿ ಓದಬೇಕು. ಪಂಪ್‌ಸೆಟ್ ಇಲ್ಲದವರು, ನಲ್ಲಿ ಮುಂದೆ ಕೊಡ ಹಿಡಿದು ಕಾಯುವ ಹೆಂಗಸರು ಅಲ್ಲಿರಬೇಕು. ಅವರಿಲ್ಲದ ಸಭೆಯಲ್ಲಿ ಮೊದಲು ಕರಗುವುದು ಕುಡಿಯುವ ನೀರಿನ ಪಾಲೇ. ಇಂಗಿದ್ದೆಷ್ಟು, ಕುಡಿಯಲು ಮೀಸಲೆಷ್ಟು, ಎತ್ತಿದ್ದೆಷ್ಟು ಎಂಬ ಮೂರು ಅಂಕಿಗಳನ್ನು ಹಾಲಿನ ಡೇರಿ ಗೋಡೆಯ ಮೇಲೆ ಬರೆಸಿ. ಪಂಚಾಯಿತಿ ಕಚೇರಿಗೆ ಬಾರದ ಜನ ಅಲ್ಲಿಗೆ ದಿನಕ್ಕೆರಡು ಸಲ ಬರುತ್ತಾರೆ.

– ನೀರಿನ ಲೆಕ್ಕ ಬಲ್ಲ ಓದುಗರು, ಚಿತ್ರದುರ್ಗ ಜಿಲ್ಲೆ